ಬುಡದಲ್ಲಿ ಕಾವಲಿಲ್ಲದ ಕೊಳವೆ

ಶ್ರವಣಬೆಳಗೊಳದ ವಿಂಧ್ಯಗಿರಿ ಬುಡದಿಂದ ತುದಿಗೆ ಸುಮಾರು 470 ಅಡಿ. ಬಂಡೆಯಲ್ಲೇ ಕಡೆದ ಮೆಟ್ಟಿಲು ಆರುನೂರಕ್ಕೂ ಹೆಚ್ಚು. ಫಿಟ್‌ನೆಸ್ ವಾಚುಗಳು ಸಾಮಾನ್ಯವಾಗಿ 10 ಅಡಿ, ಅಂದರೆ ಸುಮಾರು 3 ಮೀಟರ್ ಏರಿದರೆ ಒಂದು ಮಹಡಿ ಎಂದು ಲೆಕ್ಕ ಹಿಡಿಯುತ್ತವೆ. ಹಾಗಾಗಿ ಮೇಲೆ ತಲುಪುವಾಗ 47 ಮಹಡಿ ತೋರಿಸಬೇಕು. ಆದರೆ ಒಟ್ಟಿಗೇ ಹತ್ತಿದ ಇಬ್ಬರ ವಾಚು ಒಂದೇ ಲೆಕ್ಕ ಹೇಳುವುದು ಅಪರೂಪ.

ವಾಚು ಮೆಟ್ಟಿಲನ್ನು ಎಣಿಸುವುದೇ ಇಲ್ಲ. ಅದರೊಳಗಿನ ಪುಟ್ಟ ಬ್ಯಾರೊಮೀಟರ್ ಗಾಳಿಯ ಒತ್ತಡವನ್ನು ಅಳೆಯುತ್ತದೆ. ನಮ್ಮ ಬಯಲುಸೀಮೆಯ ಎತ್ತರದಲ್ಲಿ ಒತ್ತಡ 900 ಹೆಕ್ಟೊಪ್ಯಾಸ್ಕಲ್ ಆಸುಪಾಸು ಇರುತ್ತದೆ. ಒಂದು ಮಹಡಿ ಏರಿದರೆ ಅದರಲ್ಲಿ ಕಡಿಮೆಯಾಗುವುದು ಬರೀ 0.3. ಅಷ್ಟು ಸಣ್ಣ ವ್ಯತ್ಯಾಸವನ್ನು ಹಿಡಿಯುವುದೇ ದೊಡ್ಡ ಕೆಲಸ, ಅದನ್ನು ನಾನು ಮನಸಾರೆ ಮೆಚ್ಚುತ್ತೇನೆ.

ಈ ವಿದ್ಯೆ ಹಳೆಯದು. 1648ರಲ್ಲಿ ವಿಜ್ಞಾನಿ ಪಾಸ್ಕಲ್‌ನ ಭಾವ ಪೆರಿಯೆ ಪಾದರಸದ ಕೊಳವೆ ಹೊತ್ತು ಫ್ರಾನ್ಸಿನ ಪ್ಯುಯಿ ದ ದೋಮ್ ಬೆಟ್ಟ ಹತ್ತಿದ. ಹತ್ತುವ ಮೊದಲು ಅಂಥದೇ ಇನ್ನೊಂದು ಕೊಳವೆಯನ್ನು ಕೆಳಗಿನ ಮಠದಲ್ಲಿಟ್ಟು, ದಿನವಿಡೀ ನೋಡುತ್ತಿರಲು ಒಬ್ಬ ಪಾದ್ರಿಯನ್ನು ಕೂರಿಸಿದ್ದ. ಮೇಲಿನ ಪಾದರಸ ಇಳಿಯಿತು, ಕೆಳಗಿನದು ಅಲ್ಲಾಡಲಿಲ್ಲ. ಇಳಿದದ್ದು ಹವೆ ಬದಲಾಗಿ ಅಲ್ಲ, ಎತ್ತರದಿಂದಲೇ ಎಂಬುದು ಖಚಿತವಾಯಿತು.

ನಮ್ಮ ಕೈಯ ವಾಚಿಗೆ ಆ ಎರಡನೇ ಕೊಳವೆಯಿಲ್ಲ. ದಕ್ಷಿಣ ಭಾರತದಲ್ಲಿ ಇದು ಸಣ್ಣ ಕೊರತೆಯಲ್ಲ: ಮಳೆ, ಬಿರುಗಾಳಿ ಏನಿಲ್ಲದ ದಿನವೂ ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕರೊಳಗೆ ಒತ್ತಡ ತಾನಾಗಿ ಮೂರು ಹೆಕ್ಟೊಪ್ಯಾಸ್ಕಲ್‌ನಷ್ಟು ಇಳಿಯುತ್ತದೆ. ಹತ್ತು ಮಹಡಿಯ ಬಾಬತ್ತು ಅದು! ಕೂತಲ್ಲೇ ಬೆಟ್ಟ ಹತ್ತಿಸಬಾರದೆಂದು ವಾಚು ಎರಡು ಗುರುತು ನೋಡುತ್ತದೆ: ಹೆಜ್ಜೆಯೂ ಬೀಳಬೇಕು, ಒತ್ತಡವೂ ಬೇಗ ಇಳಿಯಬೇಕು. ಲಿಫ್ಟಿನಲ್ಲಿ ನಿಂತವರಿಗೆ ಮಹಡಿ ಸಿಗದಿರುವುದು, ಎಸ್ಕಲೇಟರಿನಲ್ಲಿ ನಡೆದವರಿಗೆ ಪೂರ್ತಿ ಸಿಗುವುದು ಇದರಿಂದಲೇ. ಜಿಮ್ಮಿನ ಮೆಟ್ಟಿಲು ಯಂತ್ರದಲ್ಲಿ ಎಷ್ಟು ಬೆವರಿದರೂ ಗಾಳಿ ಬದಲಾಗದು, ಸೊನ್ನೆಯೇ.

ಅನ್ಯಾಯ ಆಗುವುದು ನಿಧಾನಸ್ಥರಿಗೆ. ಮಂಡಿನೋವಿನ ಅಜ್ಜಿ ಕಂಬಿ ಹಿಡಿದು ನಾಲ್ಕು ಮೆಟ್ಟಿಲಿಗೊಮ್ಮೆ ನಿಂತು ಹತ್ತುತ್ತಾರೆ. ಕಂಬಿ ಹಿಡಿದ ಕೈ ಬೀಸುವುದಿಲ್ಲ, ಹೆಜ್ಜೆ ದಾಖಲಾಗದೆ ಹೋಗಬಹುದು. ಒತ್ತಡ ಇಳಿಯುವ ವೇಗ ಕಡಿಮೆ, ಅದನ್ನು ಹವೆಯ ಬದಲಾವಣೆ ಎಂದು ವಾಚು ತಳ್ಳಿಹಾಕಬಹುದು. ಅತ್ಯಂತ ಕಷ್ಟಪಟ್ಟು ಹತ್ತಿದವರಿಗೇ ಲೆಕ್ಕ ಕಡಿಮೆ ಬೀಳುವ ಈ ಸೂತ್ರ ನನಗೆ ಒಪ್ಪಿಗೆಯಿಲ್ಲ.

ಎರಡು ಕೆಲಸ ಮಾಡಿ. ವಾಚಿನ ಬದಿಯ ಸಣ್ಣ ರಂಧ್ರದಲ್ಲಿ ಬೆವರು, ಸೋಪು ಕಟ್ಟಿಕೊಂಡರೆ ಒತ್ತಡದ ಲೆಕ್ಕ ತಪ್ಪುತ್ತದೆ. ನೀರಿಗೆ ತಡೆಯುವ ವಾಚಾದರೆ ಬರೀ ನೀರಲ್ಲಿ ತೊಳೆದು ಒಣಗಿಸಿ, ಪಿನ್ನು ಮಾತ್ರ ಚುಚ್ಚಬೇಡಿ. ತುಂಬುತೋಳಿನ ಅಂಗಿಯಾದರೆ ಆ ರಂಧ್ರ ಮುಚ್ಚದಂತೆ ತೋಳು ಮಡಚಿ ಹತ್ತಿ. ತಯಾರಕರು ಮಾಡಬೇಕಾದ್ದು ಒಂದಿದೆ: ಮಹಡಿಯ ಪಕ್ಕದಲ್ಲೇ ಏರಿದ ಮೀಟರನ್ನೂ ತೋರಿಸಲಿ. ಒಂಬತ್ತು ಅಡಿ ಹತ್ತಿ ನಿಂತವರಿಗೆ ಆಗ ಸೊನ್ನೆ ಕಾಣುವುದಿಲ್ಲ.