ಚದುರಂಗದ ಪರಿಣತಿ: ನೋಟ, ನೆನಪು ಮತ್ತು ಆಲೋಚನೆ

ಚದುರಂಗದ ಪರಿಣತನು ಉಳಿದವರಿಗಿಂತ ಹೆಚ್ಚು ನಡೆಗಳನ್ನು ಮುಂದಾಗಿ ಲೆಕ್ಕಹಾಕುತ್ತಾನೆ ಎಂಬುದು ಬಹುಕಾಲದಿಂದ ರೂಢಿಯಲ್ಲಿರುವ ನಂಬಿಕೆ. ಇದನ್ನು ಪ್ರಯೋಗದ ಒರೆಗೆ ಹಚ್ಚಿದವರಲ್ಲಿ ಡಚ್ ಮನೋವಿಜ್ಞಾನಿ ಆಡ್ರಿಯಾನ್ ಡಿ ಗ್ರೂಟ್ ಪ್ರಮುಖರು. 1946ರಲ್ಲಿ ಪ್ರಕಟವಾಗಿ 1965ರಲ್ಲಿ ಇಂಗ್ಲಿಷಿಗೆ ಬಂದ ಅವರ ಅಧ್ಯಯನಕ್ಕಾಗಿ ಅಲೆಖೈನ್, ಯೂವೆ, ಕೆರೆಸ್‌ರಂತಹ ಆಟಗಾರರು ಆಟದ ಒಂದು ಸ್ಥಿತಿಯನ್ನು ನೋಡುತ್ತ ತಮ್ಮ ಆಲೋಚನೆಯನ್ನು ಗಟ್ಟಿಯಾಗಿ ನುಡಿದರು. ಅವರು ಆಯ್ದ ನಡೆಗಳು ಉತ್ತಮವಾಗಿದ್ದವು. ಆದರೆ ಅವರ ಲೆಕ್ಕಾಚಾರದ ಆಳವು ಅವರಿಗಿಂತ ಕೆಳಗಿನ ನುರಿತ ಆಟಗಾರರದಕ್ಕಿಂತ ಗಣನೀಯವಾಗಿ ಹೆಚ್ಚಿರಲಿಲ್ಲ. ವ್ಯತ್ಯಾಸವು ಎದ್ದು ಕಂಡದ್ದು ಮೊದಲ ನೋಟದಲ್ಲಿ. ಕೆಲವೇ ಕ್ಷಣ ಕಂಡ ಸ್ಥಿತಿಯನ್ನು ಶ್ರೇಷ್ಠ ಆಟಗಾರರು ಬಹುಮಟ್ಟಿಗೆ ಪೂರ್ಣವಾಗಿ ಮತ್ತೆ ಜೋಡಿಸಬಲ್ಲವರಾಗಿದ್ದರು.

1973ರಲ್ಲಿ ಅಮೆರಿಕದ ವಿಲಿಯಂ ಚೇಸ್ ಮತ್ತು ಹರ್ಬರ್ಟ್ ಸೈಮನ್ ಈ ಪ್ರಯೋಗವನ್ನು ಮುಂದುವರಿಸಿದರು. ನಿಜವಾದ ಆಟಗಳಿಂದ ಆಯ್ದ ಸ್ಥಿತಿಗಳನ್ನು 5 ಸೆಕೆಂಡು ತೋರಿಸಿದಾಗ ಪರಿಣತನು ಹೊಸಬನನ್ನು ಬಹುವಾಗಿ ಮೀರಿಸಿದನು. ಕಾಯಿಗಳನ್ನು ಗೊತ್ತುಗುರಿಯಿಲ್ಲದೆ ಹರಡಿದಾಗ ಆ ಮೇಲುಗೈ ಇಲ್ಲವಾಯಿತು. ಕೋಟೆ ಕಟ್ಟಿದ ರಾಜ, ಪಕ್ಕದ ಆನೆ, ಮುಂದಿನ ಮೂರು ಕಾಲಾಳುಗಳು ಹೊಸಬನಿಗೆ ಐದು ಬಿಡಿ ಕಾಯಿಗಳು. ಪರಿಣತನಿಗೆ ಒಂದೇ ಗುಚ್ಛ. ಆದ್ದರಿಂದ ಇಲ್ಲಿ ಅಸಾಮಾನ್ಯವಾದುದು ಹುಟ್ಟಿನಿಂದ ಬಂದ ಸ್ಮರಣಶಕ್ತಿಯಲ್ಲ, ವರ್ಷಗಳ ಅಭ್ಯಾಸದಿಂದ ಕೂಡಿಟ್ಟ ವಿನ್ಯಾಸಗಳ ಭಂಡಾರ ಎಂಬುದು ಅವರ ನಿಲುವು.

ಈ ನಿಲುವಿನ ಮೊದಲ ಭಾಗ ಬಲವಾದುದು. ಆದರೆ ನೆನಪಿನ ಪರೀಕ್ಷೆಯಿಂದ ನಡೆಯ ಆಯ್ಕೆಗೆ ದಾಟುವ ಹಂತ ಅಷ್ಟು ಗಟ್ಟಿಯಾದುದಲ್ಲ. ಸ್ಥಿತಿಯನ್ನು ಮತ್ತೆ ಜೋಡಿಸುವುದು ಆಟಗಾರನ ಕೆಲಸವಲ್ಲ, ಆಟದ ಅಭ್ಯಾಸದಿಂದ ಒದಗುವ ಉಪಫಲ. 1985ರಲ್ಲಿ ಡೆನ್ನಿಸ್ ಹೋಲ್ಡಿಂಗ್ ಈ ಕೊರತೆಯನ್ನು ಎತ್ತಿ ತೋರಿಸಿ, ಮುಂದಿನ ನಡೆಗಳ ಶೋಧ ಹಾಗೂ ಮೌಲ್ಯಮಾಪನಕ್ಕೆ ಪ್ರಾಧಾನ್ಯ ನೀಡಿದರು. ಸಿದ್ಧಾಂತವೂ ನಿಂತಲ್ಲೇ ನಿಲ್ಲಲಿಲ್ಲ. 1996ರಲ್ಲಿ ಫರ್ನಾಂಡ್ ಗೋಬೆ ಮತ್ತು ಸೈಮನ್ ಗೊತ್ತುಗುರಿಯಿಲ್ಲದ ಹರಹಿನಲ್ಲಿಯೂ ಪರಿಣತರಿಗೆ ಸಣ್ಣದಾದರೂ ನಿಶ್ಚಿತ ಮೇಲುಗೈ ಇದೆಯೆಂದು ತೋರಿಸಿದರು. ಆಕಸ್ಮಿಕವಾಗಿ ಮೂಡುವ ಕಿರುವಿನ್ಯಾಸಗಳನ್ನೂ ಪರಿಣತರು ಗುರುತಿಸುತ್ತಾರೆಂಬುದು ಇದಕ್ಕೆ ಅವರ ವಿವರಣೆ. ಸ್ಥಿರವಾದ ತಿರುಳೂ ಬದಲಾಗಬಲ್ಲ ತೆರಪುಗಳೂ ಉಳ್ಳ ದೊಡ್ಡ ಅಚ್ಚುಗಳ ಕಲ್ಪನೆಯನ್ನೂ ಅವರು ಮುಂದಿಟ್ಟರು.

ಗುರುತಿಸುವಿಕೆಗೆ ಇನ್ನೊಂದು ಮುಖವೂ ಇದೆ. ಬಿಲಾಲಿಚ್, ಮೆಕ್ಲೌಡ್ ಮತ್ತು ಗೋಬೆ 2008ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಪರಿಚಿತ ಪರಿಹಾರವೊಂದನ್ನು ಕಂಡ ನುರಿತ ಆಟಗಾರರಿಗೆ ಅದಕ್ಕಿಂತ ಚಿಕ್ಕದಾದ ಪರಿಹಾರ ಕಾಣಲಿಲ್ಲ. ಬೇರೆ ದಾರಿ ಹುಡುಕುತ್ತಿದ್ದೇವೆಂದು ಅವರು ಹೇಳುತ್ತಿದ್ದರೂ ಅವರ ಕಣ್ಣುಗಳು ಹಳೆಯ ಪರಿಹಾರದ ಚೌಕಗಳಿಗೇ ಮರಳುತ್ತಿದ್ದವು. ಪರಿಚಿತ ದಾರಿ ಮುಚ್ಚಿದ್ದ ಸ್ಥಿತಿಯಲ್ಲಿ ಮಾತ್ರ ಆ ಚಿಕ್ಕ ಪರಿಹಾರ ಅವರಿಗೆ ಗೋಚರಿಸಿತು.

ಈ ಅಧ್ಯಯನಗಳನ್ನು ಶಿಕ್ಷಣದ ಚರ್ಚೆಗೆ ಒಯ್ಯುವವರು ಈ ಎರಡೂ ಮುಖಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗುತ್ತದೆ. ವಿನ್ಯಾಸಗಳ ಸಂಗ್ರಹವಿಲ್ಲದೆ ಪರಿಣತಿಯಿಲ್ಲವೆಂಬುದು ಸಿದ್ಧವಾಗಿದೆ. ಸಂಗ್ರಹವಷ್ಟೇ ಪರಿಣತಿಯೆಂಬುದು ಸಿದ್ಧವಾಗಿಲ್ಲ. ಬಾಯಿಪಾಠದ ಸಮರ್ಥನೆಗಾಗಲಿ, ನೆನಪಿನ ನೆರವಿಲ್ಲದ ಶುದ್ಧ ತರ್ಕದ ಹೊಗಳಿಕೆಗಾಗಲಿ ಇವು ಆಧಾರವಾಗಲಾರವು.