ಪಾಚಿಯ ಎಣ್ಣೆ, ಕರೆಂಟಿನ ಲೆಕ್ಕ

ಕೊಳ್ಳೇಗಾಲದ ಕಡೆ ಬೇಸಿಗೆಯಲ್ಲಿ ಹಸಿರುಗಟ್ಟಿದ ಕೆರೆನೀರನ್ನು ಗಾಜಿನ ಜಾಡಿಗೆ ತುಂಬಿ, ಎರಡು ಅಲ್ಯೂಮಿನಿಯಂ ತಗಡು ಇಳಿಬಿಟ್ಟು ಬ್ಯಾಟರಿಗೆ ಜೋಡಿಸಿ ನೋಡಿ. ಒಂದು ತಗಡಿನಿಂದ ಸಣ್ಣ ಗುಳ್ಳೆಗಳು ಏಳುತ್ತವೆ. ಹಸಿರು ಕಣಗಳು ಗುಂಪುಗೂಡಿ ಮೇಲೆ ಬಂದು ಕೆನೆಗಟ್ಟುತ್ತವೆ, ಕೆಳಗಿನ ನೀರು ತಿಳಿಯಾಗುತ್ತದೆ. ಸೂಕ್ಷ್ಮಪಾಚಿಯ ಮೈಮೇಲೆ ಋಣ ವಿದ್ಯುದಂಶವಿರುವುದರಿಂದ ಕಣಗಳು ಒಂದನ್ನೊಂದು ದೂರ ತಳ್ಳುತ್ತವೆ, ಬೇಗ ತಳ ಸೇರುವುದಿಲ್ಲ. ಧನ ತಗಡಿನಿಂದ ಕರಗಿ ಬರುವ ಅಲ್ಯೂಮಿನಿಯಂ ಅವನ್ನು ಒಟ್ಟುಗೂಡಿಸುತ್ತದೆ, ಇನ್ನೊಂದು ತಗಡಿನ ಹೈಡ್ರೋಜನ್ ಗುಳ್ಳೆಗಳು ಮೇಲಕ್ಕೆ ಹೊತ್ತು ತರುತ್ತವೆ.

ವಿಧಾನ ಸೊಗಸಾಗಿದೆ. ಆದರೆ ಪಾಚಿಯ ಎಣ್ಣೆಯಿಂದ ಇಂಧನ ಮಾಡಲು ಇದೇ ದಾರಿ ಎಂದರೆ ನಾನು ಒಪ್ಪಲಾರೆ.

ತೆರೆದ ಕೊಳದ ಒಂದು ಲೀಟರ್ ನೀರಿನಲ್ಲಿ ಅರ್ಧ ಗ್ರಾಂ ಪಾಚಿ ಇದೆಯೆನ್ನಿ. ಒಂದು ಕಿಲೋ ಒಣಪಾಚಿಗೆ 2,000 ಲೀಟರ್ ನೀರನ್ನು ಹಾಯಿಸಬೇಕು. ಬೆಲ್ಜಿಯಂನ ಸಂಶೋಧಕರು 2011ರಲ್ಲಿ ಪ್ರಕಟಿಸಿದ ಇದೇ ವಿಧಾನದ ಪ್ರಯೋಗದಲ್ಲಿ ಸಿಹಿನೀರಿನ ಕ್ಲೋರೆಲ್ಲಾ ಪಾಚಿಗೆ ಕಿಲೋಗೆ ಸುಮಾರು 2 ಯೂನಿಟ್ ವಿದ್ಯುತ್ ಬೇಕಾಯಿತು. ಉಪ್ಪುನೀರಿನಲ್ಲಿ ವಿದ್ಯುತ್ ಸಲೀಸಾಗಿ ಹರಿಯುವುದರಿಂದ ಕಡಲ ಪಾಚಿಗೆ 0.3 ಯೂನಿಟ್ ಸಾಕಾಯಿತು. ಕೊಳ್ಳೇಗಾಲ, ಹನೂರು, ಯಳಂದೂರಿಗೆ ಕಡಲಿಲ್ಲ. ಕಿಲೋ ಪಾಚಿಯಲ್ಲಿ ಕಾಲು ಭಾಗ ಎಣ್ಣೆ ಎಂದು ಉದಾರವಾಗಿ ಹಿಡಿದರೂ ಅದರ ಶಕ್ತಿ ಎರಡೂವರೆ ಯೂನಿಟ್ ಚಿಲ್ಲರೆ. ಅದನ್ನು ಜನರೇಟರಿಗೆ ಹಾಕಿದರೆ ಹೆಚ್ಚೆಂದರೆ ಒಂದು ಯೂನಿಟ್ ಕರೆಂಟು. ಪಂಪು ಓಡಿಸಿದ, ಆ ಕೆನೆ ಒಣಗಿಸಿದ, ಎಣ್ಣೆ ತೆಗೆದ ಖರ್ಚು ಇನ್ನೂ ಲೆಕ್ಕಕ್ಕೇ ಬಂದಿಲ್ಲ. ಪಕ್ಕದ ಶಿವನಸಮುದ್ರದಲ್ಲಿ 1902ರಿಂದ ನೀರಿನಿಂದ ಕರೆಂಟು ಬರುತ್ತಿದೆ. ಅಂಥ ಕರೆಂಟಿನಿಂದ ನೇರವಾಗಿ ಮೋಟರು ಓಡಿಸುವುದು ಬಿಟ್ಟು ಪಾಚಿಯ ಎಣ್ಣೆಗೆ ಸುರಿಯುವುದೇಕೆ?

ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ 1970ರ ದಶಕದಿಂದಲೇ ಪಾಚಿ ಬೆಳೆಸುವ ಕೆಲಸ ಮಾಡಿದೆ. ಅಲ್ಲಿ ಬೆಳೆಸಿದ ಸ್ಪಿರುಲಿನಾ ಎಳೆಎಳೆಯಾಗಿ ಬೆಳೆಯುತ್ತದೆ, ಬಟ್ಟೆಯಲ್ಲಿ ಸೋಸಿದರೆ ಸಿಗುತ್ತದೆ. ಆಹಾರಕ್ಕಾಗಿ ಬೆಳೆಸುವ ಆ ಜಾತಿಯ ಆಯ್ಕೆಯಲ್ಲೇ ಕರೆಂಟಿನ ಖರ್ಚು ಉಳಿದಿದೆ. ತಗಡಿನ ವಿಧಾನದಲ್ಲಿ ಅಲ್ಯೂಮಿನಿಯಂ ಪಾಚಿಗೆ ಸೇರಿಕೊಳ್ಳುತ್ತದೆ, ಹಾಗಾಗಿ ದನಕ್ಕೆ ಮೇವಾಗಿ ಹಾಕಲೂ ಹಿಂಜರಿಯಬೇಕು. ಇನ್ನು ಎಣ್ಣೆಯೇ ಬೇಕೆಂದರೆ ನಮ್ಮ ಬಯಲುಸೀಮೆಯ ಹೊಂಗೆ ಇದೆ, ಅದರ ಬೀಜವನ್ನು ನೀರಿನಿಂದ ಬೇರ್ಪಡಿಸಬೇಕಾಗಿಲ್ಲ.

ಅಮೆರಿಕದಲ್ಲಿ ಪಾಚಿ ಇಂಧನಕ್ಕೆಂದು 2007ರಲ್ಲಿ ಹುಟ್ಟಿದ ಒರಿಜಿನ್‌ಆಯಿಲ್ ಕಂಪನಿ ಕೊನೆಗೆ ಒರಿಜಿನ್‌ಕ್ಲಿಯರ್ ಎಂದು ಹೆಸರು ಬದಲಿಸಿಕೊಂಡು ಕೊಳಚೆನೀರಿನ ಶುದ್ಧೀಕರಣಕ್ಕೆ ಹೊರಳಿತು. ಸರಿಯಾದ ಹೊರಳು ಎಂದೇ ನನ್ನ ಎಣಿಕೆ. ಅಲ್ಯೂಮಿನಿಯಂ ತಗಡುಗಳು ಪಾಚಿಯ ಜೊತೆಗೆ ಅದನ್ನು ಬೆಳೆಸುವ ರಂಜಕವನ್ನೂ ನೀರಿನಿಂದ ತೆಗೆಯಬಲ್ಲವು. ಚರಂಡಿ ನೀರು ಕೆರೆಗೆ ಸೇರುವ ಬಾಯಲ್ಲಿ ಇಂಥದ್ದೊಂದು ಘಟಕ ಕೂರಿಸಿ ಪರೀಕ್ಷಿಸಿದರೆ ಖರ್ಚು ಮಾಡಿದ ಕರೆಂಟಿಗೆ ಅರ್ಥ ಬರುತ್ತದೆ. ಸವೆದ ತಗಡನ್ನು ಕಾಲಕಾಲಕ್ಕೆ ಬದಲಿಸುವ, ತೆಗೆದ ಕೆಸರನ್ನು ಮತ್ತೆ ಕೆರೆಗೆ ಹರಿಯದಂತೆ ಸಾಗಿಸುವ ಹೊಣೆ ಯಾರದೆಂದು ಮಾತ್ರ ಮೊದಲೇ ತೀರ್ಮಾನವಾಗಬೇಕು.