ಕೀಲಿ ಇರುವಷ್ಟು ಹೊತ್ತು

ಡೊಂಬಿವಲಿ ಪೂರ್ವದಲ್ಲಿರುವ ಪರಿಚಿತರೊಬ್ಬರ ಮನೆಯಲ್ಲಿ ಒಂದು ಗಾಜಿನ ಕಪಾಟಿದೆ. ಅದರ ತುಂಬ ಕೀಲಿ ಕೊಟ್ಟು ಆಡುವ, ಕೈಯಲ್ಲಿ ಹಿಡಿಯಬಹುದಾದ ಹಳೆಯ ಆಟಿಕೆಗಳು. ಕೆಲವನ್ನು ಪೆಟ್ಟಿಗೆಯಿಂದ ಹೊರಗೇ ತೆಗೆದಿಲ್ಲ. ಅವರು ಒಂದೊಂದರ ವರ್ಷ, ಪೆಟ್ಟಿಗೆಯ ಮೇಲಿನ ಚಿತ್ರ, ಮಾಸದ ಬಣ್ಣ ಎಲ್ಲವನ್ನೂ ಪ್ರೀತಿಯಿಂದ ವಿವರಿಸಿದರು. ಒಂದಕ್ಕೆ ಕೀಲಿ ಕೊಡಲೇ ಎಂದು ಕೇಳಿದೆ. "ಬೇಡ ಸರ್, ಸ್ಪ್ರಿಂಗ್ ಹೋಗಿಬಿಟ್ಟರೆ?" ಎಂದರು.

ಅವರ ಅಂಜಿಕೆ ನನಗೆ ಅರ್ಥವಾಗುತ್ತದೆ. ಆದರೂ ಆ ಕಪಾಟು ಮುಖಪುಟವನ್ನಷ್ಟೇ ನೋಡಿ ಬರೆದ ಪುಸ್ತಕ ವಿಮರ್ಶೆಯ ಹಾಗೆ ಕಂಡಿತು. ಕೀಲಿ ಆಟಿಕೆಯಲ್ಲಿ ಓದಬೇಕಾದದ್ದು ಅದರ ಆಕಾರವನ್ನಲ್ಲ, ಅದರ ಅವಧಿಯನ್ನು. ಸುರುಳಿ ಬಿಚ್ಚಿಕೊಳ್ಳಲು ಎಷ್ಟು ಹೊತ್ತು ಬೇಕೋ ಅಷ್ಟೇ ಹೊತ್ತು ಆಟ. ಸಂಗ್ರಹಿಸುವವರೂ ರಿಪೇರಿ ಮಾಡುವವರೂ ಈ ಮಾತನ್ನು ಮರೆಯುತ್ತಾರೆ ಎಂಬುದು ನನ್ನ ತಕರಾರು. ಆ ರಿಪೇರಿಯವರಲ್ಲಿ ನಾನೂ ಒಬ್ಬ.

ನಮ್ಮಲ್ಲಿ ಬಹುಪಾಲು ಜನ ಕಂಡಿರುವ ಮೀನು ಹಿಡಿಯುವ ಆಟವನ್ನೇ ನೋಡಿ. ಜಾತ್ರೆಯಲ್ಲಿ, ಲೋಕಲ್ ರೈಲಿನಲ್ಲಿ ಮಾರುತ್ತಿದ್ದದ್ದು. ಅಂಗೈಗಿಂತ ತುಸು ದೊಡ್ಡ ಪ್ಲಾಸ್ಟಿಕ್ ಕೊಳ, ತಿರುಗುವ ತಟ್ಟೆ, ಅದರ ಗುಳಿಗಳಲ್ಲಿ ಬಾಯಿ ತೆರೆದು ಮುಚ್ಚುವ ಮೀನುಗಳು, ಅಯಸ್ಕಾಂತದ ಪುಟ್ಟ ಗಾಳ. ತಟ್ಟೆಯ ಕೆಳಗಿನ ಹಾದಿ ಸಮತಟ್ಟಾಗಿಲ್ಲ, ಉಬ್ಬುತಗ್ಗಿನದು. ಮೀನು ಅದರ ಮೇಲೆ ಸಾಗುವಾಗ ಒಂದು ಕಡೆ ಬಾಯಿ ತೆರೆಯುತ್ತದೆ, ಇನ್ನೊಂದು ಕಡೆ ಮುಚ್ಚುತ್ತದೆ. ಹೊಸದಾಗಿ ಕೀಲಿ ಕೊಟ್ಟಾಗ ತಟ್ಟೆ ಚುರುಕಾಗಿರುತ್ತದೆ, ಗಾಳ ತಪ್ಪುತ್ತದೆ. ಬಿಗಿ ಇಳಿದ ಹಾಗೆ ತಟ್ಟೆ ನಿಧಾನವಾಗುತ್ತದೆ, ಮೀನು ಸಿಗತೊಡಗುತ್ತವೆ. ಆದರೆ ಅಷ್ಟರಲ್ಲಿ ಕೀಲಿಯೂ ಮುಗಿಯುತ್ತ ಬಂದಿರುತ್ತದೆ. ತಟ್ಟೆ ನಿಂತಾಗ ಯಾವ ಮೀನಿನ ಬಾಯಿ ಮುಚ್ಚಿದೆಯೋ ಅದು ಇನ್ನು ಸಿಗುವುದಿಲ್ಲ. ಸುಲಭವಾಗುವ ಹೊತ್ತಿಗೇ ಮುಗಿದುಹೋಗುವ ಆಟ ಇದು. ಇಷ್ಟು ಅಗ್ಗದ ವಸ್ತುವಿನಲ್ಲಿ ಇಷ್ಟು ಅಚ್ಚುಕಟ್ಟಾದ ವಿನ್ಯಾಸವನ್ನು ನಾನು ಬೇರೆ ಕಡೆ ಕಂಡಿಲ್ಲ.

ಇದೇ ಆಟ ಈಗ ಬ್ಯಾಟರಿ ಹಾಕಿಕೊಂಡು, ಸಂಗೀತ ಹಾಡಿಕೊಂಡು ಬರುತ್ತದೆ. ಮೀನು ಅವೇ, ಗಾಳ ಅದೇ. ಆದರೆ ತಟ್ಟೆ ಒಂದೇ ವೇಗದಲ್ಲಿ ತಿರುಗುತ್ತಲೇ ಇರುತ್ತದೆ. ಎಲ್ಲ ಮೀನೂ ಎಂದಾದರೂ ಸಿಕ್ಕೇ ಸಿಗುತ್ತವೆ. ಹಾಗಾಗಿ ಅಲ್ಲಿ ಆತಂಕವೂ ಇಲ್ಲ, ಗೆಲುವೂ ಇಲ್ಲ.

ಎರಡನೆಯ ಉದಾಹರಣೆ ಜಪಾನಿನ ಟೋಮಿ ಕಂಪನಿಯ 'ಬ್ಲಿಪ್', 1977ರದು. ಐರೋಲಿಯ ಗೆಳೆಯನೊಬ್ಬನ ಮಾವ ಕುವೈತಿನಿಂದ ತಂದದ್ದು ರಿಪೇರಿಗೆಂದು ನನ್ನ ಮೇಜಿಗೆ ಬಂದಿತ್ತು. ನೋಡಲು ಅಪ್ಪಟ ಎಲೆಕ್ಟ್ರಾನಿಕ್ ಆಟ. ಕಪ್ಪು ಪರದೆಯ ಮೇಲೆ ಕೆಂಪು ಬೆಳಕಿನ ಚುಕ್ಕೆ ಆಚೀಚೆ ಓಡುತ್ತದೆ. ಎದುರುಬದುರು ಕೂತ ಇಬ್ಬರು 1, 2, 3 ಎಂಬ ಗುಂಡಿಗಳಲ್ಲಿ ಸರಿಯಾದುದನ್ನು ಒತ್ತಿ ಅದನ್ನು ಹಿಂದಿರುಗಿಸಬೇಕು. 1972ರ 'ಪಾಂಗ್' ಎಂಬ ವಿಡಿಯೊ ಗೇಮಿನ ಅನುಕರಣೆ ಎಂದು ಕೂಡಲೇ ತಿಳಿಯುತ್ತದೆ. ಬಿಚ್ಚಿದರೆ ಒಳಗೆ ಚಿಪ್ಪಿನ ಸುಳಿವಿಲ್ಲ. ಸುರುಳಿ ಸ್ಪ್ರಿಂಗು, ಹಲ್ಲಿನ ಚಕ್ರಗಳು. ಬ್ಯಾಟರಿ ಇರುವುದು ಬೆಳಕಿಗೆ ಮಾತ್ರ, ಓಡಿಸುವುದು ಕೀಲಿಯೇ. ಹೊರಗೆ ಕಂಪ್ಯೂಟರಿನ ವೇಷ, ಒಳಗೆ ಗಡಿಯಾರದ ಜೀವ. ಕೀಲಿಯನ್ನು ಬಚ್ಚಿಡಲು ಅದು ಹೆಣಗುತ್ತದೆ, ಆದರೆ ಒಳಗಿನ ಕರ್‍ರ್ ಸದ್ದು ಗುಟ್ಟನ್ನು ಬಿಟ್ಟುಕೊಡುತ್ತದೆ. ಜಾಣತನದಲ್ಲಿ ಬ್ಲಿಪ್ ಮೇಲು. ಪ್ರಾಮಾಣಿಕತೆಯಲ್ಲಿ ನನ್ನ ಅಂಕ ಮೀನಿನ ಆಟಕ್ಕೆ. ಕೈಯಾಟಿಕೆ ಕೀಲಿಯಿಂದ ಪರದೆಗೆ ದಾಟುತ್ತಿದ್ದ ಆ ಕಾಲದ ಆಸೆ ಏನಿತ್ತು ಎಂಬುದಕ್ಕೆ ಮಾತ್ರ ಬ್ಲಿಪ್‌ಗಿಂತ ಒಳ್ಳೆಯ ಸಾಕ್ಷಿ ಸಿಗಲಿಕ್ಕಿಲ್ಲ. 1980ರಲ್ಲಿ ನಿಂಟೆಂಡೊದ 'ಗೇಮ್ ಅಂಡ್ ವಾಚ್' ಬಂತು. ಅದರಲ್ಲಿ ಕೀಲಿ ಇರಲಿಲ್ಲ.

ಇನ್ನು ರಿಪೇರಿಯ ವಿಷಯ. ಕೆಟ್ಟ ಕೀಲಿ ಆಟಿಕೆಗೆ ಸುಲಭದ ಉಪಾಯವೊಂದಿದೆ. ಸ್ಪ್ರಿಂಗ್ ಕಿತ್ತುಹಾಕಿ ಪುಟ್ಟ ಮೋಟಾರು, ಒಂದು ಪೆನ್ಸಿಲ್ ಸೆಲ್ ಕೂರಿಸುವುದು. ಕಲ್ಯಾಣದಿಂದ ಎರಡು ಸ್ಟೇಷನ್ ಆಚೆ ಉಲ್ಲಾಸನಗರಕ್ಕೆ ಹೋದರೆ ಬೇಕಾದ ಮೋಟಾರು ಸಿಗುತ್ತದೆ. ಆಟಿಕೆ ಓಡುತ್ತದೆ, ಕೊಂಡವರು ಖುಷಿಪಡುತ್ತಾರೆ. ನಾನೂ ಎರಡು ಸಲ ಹೀಗೆ ಮಾಡಿದ್ದೇನೆ. ಇದು ಷಟ್ಪದಿಯನ್ನು ಗದ್ಯಕ್ಕಿಳಿಸಿ ಮೂಲ ಕಾವ್ಯವೆಂದು ಅಚ್ಚು ಹಾಕಿದಂತೆ. ಕಥೆ ಉಳಿಯುತ್ತದೆ, ಲಯ ಹೋಗುತ್ತದೆ.

ಇನ್ನೊಂದು ತಪ್ಪು ಇದಕ್ಕಿಂತ ಸಣ್ಣದು, ಆದರೆ ಹೆಚ್ಚು ಕಾಡುತ್ತದೆ. ಕಲ್ಯಾಣದ ಭಂಗಾರ್ ಅಂಗಡಿಯಿಂದ ತಂದ ಮೀನಿನ ಆಟವೊಂದರ ತಳದಲ್ಲಿ ಬಾಲ್‌ಪೆನ್ನಿನ ಗೀಟುಗಳಿದ್ದವು. ಕೊಳೆಯೆಂದು ಸ್ಪಿರಿಟ್ ಹಾಕಿ ಒರೆಸಿದೆ. ಅರ್ಧ ಅಳಿಸಿದ ಮೇಲೆ ತಿಳಿಯಿತು, ಅವು ಎರಡು ಸಾಲುಗಳಲ್ಲಿದ್ದವು. ಯಾರೋ ಇಬ್ಬರು ಮಕ್ಕಳು ಎಷ್ಟೋ ದಿನ ಇಟ್ಟಿದ್ದ ಅಂಕದ ಲೆಕ್ಕ. ಯಾರು ಮುಂದಿದ್ದರೆಂದು ಇನ್ನು ತಿಳಿಯುವಂತಿಲ್ಲ. ಆ ಆಟಿಕೆಯನ್ನು ನಿಜಕ್ಕೂ ಓದಿದ್ದ ಇಬ್ಬರ ಟಿಪ್ಪಣಿಯನ್ನು ನಾನು ಹತ್ತಿಯಲ್ಲಿ ಒರೆಸಿ ಎಸೆದಿದ್ದೆ.

ಕನ್ನಡ ಓದಿದವರಿಗೆ ಇದಕ್ಕೊಂದು ಶಿಸ್ತು ಹೊಸದಾಗಿ ಹುಡುಕಬೇಕಾಗಿಲ್ಲ. ಡಿ.ಎಲ್. ನರಸಿಂಹಾಚಾರ್ಯರ 'ಕನ್ನಡ ಗ್ರಂಥಸಂಪಾದನೆ' ನಮ್ಮ ಮುಂದಿದೆ. ಸಂಪಾದಕ ತಿದ್ದಬಹುದು, ಆದರೆ ತಿದ್ದಿದ್ದು ಕಾಣಬೇಕು. ಬಿಟ್ಟ ಪಾಠಗಳನ್ನು ಪುಟದ ಅಡಿಯಲ್ಲಿ ಕೊಡಬೇಕು. ಈಗ ನಾನೂ ಹಾಗೇ ಮಾಡುತ್ತೇನೆ. ಬದಲಿಸಿದ ಚಕ್ರವನ್ನು ಎಸೆಯದೆ ಚಿಕ್ಕ ಪೊಟ್ಟಣದಲ್ಲಿ ಹಾಕಿ, ತಾರೀಖು ಬರೆದು ಆಟಿಕೆಯ ಜೊತೆಗೇ ಕೊಡುತ್ತೇನೆ. ತಳವನ್ನು ಒರೆಸುವ ಮೊದಲು ಫೋಟೊ ತೆಗೆಯುತ್ತೇನೆ. ಮೋಟಾರು ಕೂರಿಸುವುದಿಲ್ಲ.

ಕಪಾಟಿನವರ ಅಂಜಿಕೆಗೂ ಉತ್ತರ ಇಲ್ಲೇ ಇದೆ. ಕೀಲಿ ಜಾಸ್ತಿ ಕೊಟ್ಟರೆ ಸ್ಪ್ರಿಂಗ್ ಹೋಗುತ್ತದೆ ಎಂದು ಎಲ್ಲ ಮನೆಗಳಲ್ಲೂ ಹೇಳುತ್ತಾರೆ. ಬಿಚ್ಚಿ ನೋಡಿದರೆ ಹೆಚ್ಚಿನ ಸಲ ಸ್ಪ್ರಿಂಗ್ ಗಟ್ಟಿಯಾಗೇ ಇರುತ್ತದೆ. ಹಳೆಯ ಗ್ರೀಸು ಅಂಟಾಗಿ ಸುರುಳಿಯ ಪದರಗಳು ಒಂದಕ್ಕೊಂದು ಹತ್ತಿಕೊಂಡಿರುತ್ತವೆ, ಅಷ್ಟೇ. ವಾಚು ರಿಪೇರಿಯವರ ಹಾಗೆ ಪೆಟ್ರೋಲಿನಲ್ಲಿ ತೊಳೆದು, ಒಣಗಿಸಿ, ಸೂಜಿಮೊನೆಯಷ್ಟು ಎಣ್ಣೆ ಮುಟ್ಟಿಸಿದರೆ ಓಡುತ್ತದೆ. ಕೀಲಿ ಕೊಡದೆ ಕಪಾಟಿನಲ್ಲಿಟ್ಟರೆ ಗ್ರೀಸು ಗಟ್ಟಿಯಾಗುವುದೇನೂ ನಿಲ್ಲುವುದಿಲ್ಲ.

ಇದನ್ನು ನಾನು ಕಲಿತದ್ದು ನಮ್ಮ ಮನೆಯದೇ ಆಟಿಕೆಯಿಂದ. ಧಾರವಾಡದಲ್ಲಿ ನಾವು ಸಣ್ಣವರಿದ್ದಾಗ ನಮ್ಮ ಮೀನಿನ ಆಟ ಒಂದು ಚಳಿಗಾಲದಲ್ಲಿ ನಿಂತುಹೋಯಿತು. ಅಣ್ಣ ಜಾಸ್ತಿ ಕೀಲಿ ಕೊಟ್ಟ ಎಂದು ಅಪ್ಪ ಅವನಿಗೆ ಬಾರಿಸಿದರು. ಮುರಿಯುವವನು ಎಂಬ ಹೆಸರು ಅವನಿಗೆ ಅಂಟಿಕೊಂಡಿತು. ಮುಂದೆ ಮನೆಯ ರೇಡಿಯೊ ಮುಟ್ಟಲೂ ಬಿಡಲಿಲ್ಲ. ಹೋದ ದೀಪಾವಳಿಗೆ ಊರಿಗೆ ಹೋದಾಗ ಅಟ್ಟದಲ್ಲಿ ಅದು ಸಿಕ್ಕಿತು. ಠಾಣೆಗೆ ತಂದು ಬಿಚ್ಚಿದೆ. ಸ್ಪ್ರಿಂಗ್ ಎಲ್ಲಿಯೂ ತುಂಡಾಗಿರಲಿಲ್ಲ. ಚಕ್ರಗಳ ತುಂಬ ಧೂಳು ಕೂಡಿ ಜಿಡ್ಡಾಗಿದ್ದ ಕೊಬ್ಬರಿ ಎಣ್ಣೆ. ಸರಾಗವಾಗಿ ತಿರುಗಲಿ ಎಂದು ಅದನ್ನು ಹಾಕಿದವರು ಅಪ್ಪನೇ.

ವಿಮರ್ಶೆಯ ಕೆಲಸ ಹಳೆಯ ತೀರ್ಪುಗಳನ್ನು ಮತ್ತೆ ನೋಡುವುದು ಎನ್ನುತ್ತೇವಲ್ಲ. ರಾತ್ರಿಯೇ ಅಣ್ಣನಿಗೆ ಫೋನು ಮಾಡಿ ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, "ಓಡತದ ಏನು?" ಎಂದು ಕೇಳಿದ. ಕೀಲಿ ಕೊಟ್ಟು ಫೋನು ಹತ್ತಿರ ಹಿಡಿದೆ. ತಟ್ಟೆ ನಿಲ್ಲುವ ತನಕ ಇಬ್ಬರೂ ಕೇಳಿದೆವು.

"ಇರ್ಲಿ ಬಿಡೋ ತಮ್ಮಾ," ಎಂದ. "ಅಪ್ಪಗ ಹೇಳಬ್ಯಾಡ."